ದಟ್ಟಣೆ ಶುಲ್ಕ: ದುಡ್ಡು ಕಟ್ಟಿದರೆ ದಾರಿ ಸಲೀಸಾಗುತ್ತದೆಯೇ?

ಪ್ರಶ್ನೆ: ಲಂಡನ್, ಸಿಂಗಪುರದಂಥ ಊರುಗಳಲ್ಲಿ ನಗರದ ನಡುಭಾಗಕ್ಕೆ ಕಾರು ತಂದರೆ ದುಡ್ಡು ಕಟ್ಟಬೇಕಂತೆ. ಬೆಂಗಳೂರಿನಲ್ಲೂ ಅಂಥದ್ದೊಂದು ಶುಲ್ಕದ ಮಾತು ಆಗಾಗ ಕೇಳಿಬರುತ್ತದೆ. ವಾಹನ ಕೊಳ್ಳುವಾಗಲೇ ರಸ್ತೆ ತೆರಿಗೆ ಕಟ್ಟಿರುತ್ತೇವಲ್ಲ, ಮತ್ತೊಂದು ಶುಲ್ಕ ಏಕೆ? ಇದರಿಂದ ಟ್ರಾಫಿಕ್ಕೂ ಹೊಗೆಯೂ ನಿಜವಾಗಿ ಕಡಿಮೆಯಾದ ಉದಾಹರಣೆ ಇದೆಯೇ? ಅದರ ಬದಲು ರಸ್ತೆ ಅಗಲ ಮಾಡಿ, ಫ್ಲೈಓವರ್ ಕಟ್ಟಿದರೆ ಸಾಲದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಉದಾಹರಣೆಗಳಿವೆ. ಶುಲ್ಕ ಹಾಕಿದ ಊರುಗಳಲ್ಲೆಲ್ಲ ವಾಹನಗಳ ಸಂಖ್ಯೆ ಇಳಿದಿದೆ, ಕೆಲವು ಕಡೆ ಗಾಳಿಯೂ ಸುಧಾರಿಸಿದೆ. ಆದರೆ ಬರೀ ಶುಲ್ಕದಿಂದ ಇದು ಆದದ್ದಲ್ಲ. ಕಾರು ಬಿಟ್ಟು ಬರುವವನಿಗೆ ಬಸ್ಸೋ ರೈಲೋ ಮೊದಲೇ ಸಿದ್ಧವಿದ್ದ ಕಡೆ ಶುಲ್ಕ ಕೆಲಸ ಮಾಡಿದೆ. ಇನ್ನೊಂದು ಮಾತು: ಟ್ರಾಫಿಕ್ಕು, ಹೊಗೆ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಅವು ಒಂದೇ ಸಮಸ್ಯೆಯಲ್ಲ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಾಟದೇ ಹೋಗಬಹುದು. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಅದೇ.

ರಸ್ತೆ ಅಗಲ ಮಾಡಿದರೆ?

ಅಮೆರಿಕದ ಹೂಸ್ಟನ್ ನಗರದಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿ ಇದೆ. ಅದನ್ನು ಸುಮಾರು 280 ಕೋಟಿ ಡಾಲರ್ ಸುರಿದು ಹಿಗ್ಗಿಸಿದರು. 2008ರಲ್ಲಿ ಕೆಲಸ ಮುಗಿದಾಗ, ಪಕ್ಕದ ಸರ್ವಿಸ್ ರಸ್ತೆಗಳನ್ನೂ ಸೇರಿಸಿ ಎಣಿಸಿದರೆ ಅತ್ಯಂತ ಅಗಲವಾದ ಜಾಗದಲ್ಲಿ 26 ಪಥಗಳಿದ್ದವು. ಕೆಲಕಾಲ ಸಲೀಸಾಯಿತು. ಆಮೇಲೆ 2011ರಿಂದ 2014ರೊಳಗೆ, ಸಂಜೆ ಮನೆಗೆ ಮರಳುವ ಹೊತ್ತಿನ ಪ್ರಯಾಣದ ಸಮಯ ಅರ್ಧಕ್ಕೂ ಹೆಚ್ಚು ಬೆಳೆಯಿತು.

ಇದು ಹೂಸ್ಟನ್ನಿನ ದುರದೃಷ್ಟವೇನಲ್ಲ. ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಕಲೆಹಾಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ರಸ್ತೆ ಶೇ. 10ರಷ್ಟು ಹೆಚ್ಚಿದರೆ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಹೊಸ ರಸ್ತೆಗೆ ಜನ ಎಲ್ಲಿಂದ ಬರುತ್ತಾರೆ? ಜಾಮ್‌ಗೆ ಹೆದರಿ ಏಳು ಗಂಟೆಗೇ ಹೊರಡುತ್ತಿದ್ದವನು ಒಂಬತ್ತಕ್ಕೆ ಹೊರಡುತ್ತಾನೆ. ಒಳದಾರಿ ಹಿಡಿಯುತ್ತಿದ್ದವನು ಮುಖ್ಯ ರಸ್ತೆಗೆ ಬರುತ್ತಾನೆ. ಬಸ್ಸಿನಲ್ಲಿದ್ದವನು ಕಾರು ತೆಗೆಯುತ್ತಾನೆ. ರಸ್ತೆ ಆಯಿತಲ್ಲ ಎಂದು ಊರಾಚೆ ಲೇಔಟ್, ಅಪಾರ್ಟ್‌ಮೆಂಟ್ ಏಳುತ್ತವೆ. ಬೆಂಗಳೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರ ವರ್ತುಲ ರಸ್ತೆಯನ್ನು ಮಾಡಿದ್ದು ವಾಹನಗಳು ಊರೊಳಗೆ ಬಾರದೆ ಸುತ್ತಿ ಹೋಗಲಿ ಎಂದು. ಈಗ ಊರಿನ ಅತಿ ದೊಡ್ಡ ಜಾಮ್‌ಗಳು ಕಾಣುವುದು ಅದೇ ರಸ್ತೆಯಲ್ಲಿ.

ಇದಕ್ಕೆ ತಿರುಗುಮುರುಗಾದ ಕಥೆ ದಕ್ಷಿಣ ಕೊರಿಯಾದ ಸೋಲ್ ನಗರದ್ದು. ಊರ ನಡುವೆ ಹರಿಯುವ ಚಿಯೊಂಗ್ಯೆಚಿಯೊನ್ ಹೊಳೆಯನ್ನು ಮುಚ್ಚಿ ಮೇಲೊಂದು ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಅದನ್ನು ಕೆಡವಲು ಹೊರಟಾಗ ನಗರ ಸ್ತಬ್ಧವಾಗುತ್ತದೆ ಎಂದು ಹುಯಿಲೆದ್ದಿತು. ಆದರೆ ಕೆಡವಿದ್ದರ ಜೊತೆಗೇ, 2004ರ ಜುಲೈನಲ್ಲಿ, ಬಸ್ ವ್ಯವಸ್ಥೆಯನ್ನೇ ಹೊಸದಾಗಿ ಹೆಣೆದರು. ರಸ್ತೆಯ ನಟ್ಟನಡುವೆ ಬಸ್ಸಿಗೇ ಮೀಸಲಾದ ಪಥ ಬಂತು. ಬಸ್ಸಿಗೂ ಮೆಟ್ರೊಗೂ ಒಂದೇ ಕಾರ್ಡು, ಬಸ್ಸು ಬದಲಿಸಿದರೂ ಒಟ್ಟು ದೂರಕ್ಕೆ ಮಾತ್ರ ದರ ಎಂದಾಯಿತು. ಊರು ಸ್ತಬ್ಧವಾಗಲಿಲ್ಲ. 2005ರಿಂದ ಅಲ್ಲಿ ಹೊಳೆ ಮತ್ತೆ ಬಯಲಿಗೆ ಬಂದು ಹರಿಯುತ್ತಿದೆ, ಜನ ದಡದಲ್ಲಿ ಓಡಾಡುತ್ತಾರೆ.

ತೆರಿಗೆ ಕಟ್ಟಿದ ಮೇಲೂ ಶುಲ್ಕವೇ?

ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು. ಆದರೆ ಆ ತೆರಿಗೆಯ ಸ್ವರೂಪ ನೋಡಿ. ಒಮ್ಮೆ ಕಟ್ಟಿದರೆ ಮುಗಿಯಿತು. ಭಾನುವಾರ ಮಾತ್ರ ದೇವಸ್ಥಾನಕ್ಕೆ ಕಾರು ತೆಗೆಯುವವರೂ, ದಿನಾ ಬೆಳಗ್ಗೆ ಒಂಬತ್ತಕ್ಕೆ ಒಬ್ಬರೇ ಕೂತು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರೂ ಕಟ್ಟುವುದು ಒಂದೇ. ಕಾರು ಕೊಳ್ಳಬೇಕೇ ಎಂದು ಯೋಚಿಸುವಾಗ ಆ ತೆರಿಗೆ ಕೈ ಕಚ್ಚುತ್ತದೆ. ಕೊಂಡಾದ ಮೇಲೆ ಅದು ಯಾರನ್ನೂ ತಡೆಯುವುದಿಲ್ಲ. ಇಷ್ಟೊಂದು ಕಟ್ಟಿದ್ದೇನೆ, ಸರಿಯಾಗಿ ಬಳಸೋಣ ಎಂಬ ಮನಸ್ಸನ್ನೇ ಹುಟ್ಟಿಸುತ್ತದೆ.

ಬೆಳಗ್ಗೆ ಒಂಬತ್ತರ ರಸ್ತೆಯ ಜಾಗ ಎಲ್ಲರಿಗೂ ಬೇಕು, ಇರುವುದು ಇಷ್ಟೇ. ದುಡ್ಡಿನಲ್ಲಿ ಅದಕ್ಕೆ ಬೆಲೆಯಿಲ್ಲ. ಹಾಗಾಗಿ ಹಿಂದೆ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದಂತೆ ನಾವು ಸಮಯ ತೆತ್ತು ಅದನ್ನು ಪಡೆಯುತ್ತೇವೆ. ಸಂಚಾರದ ಅಂಕಿಅಂಶ ಕಲೆಹಾಕುವ ಟಾಮ್‌ಟಾಮ್ ಸಂಸ್ಥೆಯ ಲೆಕ್ಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ ಬೇಕಾಗಿತ್ತು. ಈ ಬೆಲೆಯನ್ನು ನಾವು ಈಗಾಗಲೇ ಕಟ್ಟುತ್ತಿದ್ದೇವೆ. ಅದು ಯಾರ ಖಜಾನೆಗೂ ಹೋಗುವುದಿಲ್ಲ ಅಷ್ಟೆ.

ಇದಕ್ಕೆ ಹಣದಲ್ಲಿ ಬೆಲೆ ಕಟ್ಟಿ, ಹೊತ್ತಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿ ಎಂದು 1950ರ ದಶಕದಲ್ಲೇ ವಾದಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ. ಆಗ ಅದನ್ನು ಕೇಳಿದವರು ಕಡಿಮೆ. 1996ರ ಅಕ್ಟೋಬರ್‌ನಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಯಿತು, ಮೂರೇ ದಿನಕ್ಕೆ ಅವರು ತೀರಿಕೊಂಡರು. ಅವರು ಪಾಠ ಹೇಳಿದ ನ್ಯೂಯಾರ್ಕಿನಲ್ಲೇ ಈ ಶುಲ್ಕ ಜಾರಿಯಾಗಲು 2025ರ ಜನವರಿ 5 ಬರಬೇಕಾಯಿತು. ಮ್ಯಾನ್‌ಹ್ಯಾಟನ್ನಿನ 60ನೇ ಬೀದಿಯಿಂದ ಕೆಳಗೆ ಹಗಲು ಹೊತ್ತಿನಲ್ಲಿ ಕಾರು ತರುವವರಿಗೆ 9 ಡಾಲರ್. ಅದೂ 15 ಡಾಲರ್ ಎಂದು ಹೊರಟು, ಕೊನೆ ಗಳಿಗೆಯಲ್ಲಿ ರಾಜ್ಯಪಾಲರು ತಡೆದು, ಆಮೇಲೆ ಇಳಿಸಿ ತಂದದ್ದು. ಮೊದಲ ತಿಂಗಳುಗಳಲ್ಲೇ ಆ ಭಾಗಕ್ಕೆ ಬರುವ ವಾಹನಗಳಲ್ಲಿ ಸುಮಾರು ಹತ್ತನೇ ಒಂದು ಭಾಗ ಇಳಿಯಿತು.

ಇನ್ನು, ಇದು ತೆರಿಗೆಯೋ ಶುಲ್ಕವೋ ಎಂಬ ನಿಮ್ಮ ಜಗಳ ನಿಮ್ಮೊಬ್ಬರದಲ್ಲ. ಲಂಡನ್ನಿನ ಅಮೆರಿಕ ರಾಯಭಾರ ಕಚೇರಿ ಅಲ್ಲಿನ ದಟ್ಟಣೆ ಶುಲ್ಕ ಒಂದು ತೆರಿಗೆ, ರಾಜತಾಂತ್ರಿಕರು ತೆರಿಗೆ ಕಟ್ಟಬೇಕಾಗಿಲ್ಲ ಎಂದು ಪಟ್ಟು ಹಿಡಿದು ಕೂತಿದೆ. ಇದು ಸೇವೆಗೆ ತೆಗೆದುಕೊಳ್ಳುವ ಶುಲ್ಕ ಎಂಬುದು ನಗರದ ವಾದ. ಬಾಕಿ ಒಂದು ಕೋಟಿ ಪೌಂಡ್ ದಾಟಿದೆ.

ಮೊದಲು ಮಾಡಿದ್ದು ಸಿಂಗಪುರ

ಕಂಪ್ಯೂಟರ್, ಕ್ಯಾಮೆರಾ ಯಾವುದನ್ನೂ ಬಳಸದೆ, 1975ರ ಜೂನ್‌ನಲ್ಲಿ, ಸಿಂಗಪುರ ಇದನ್ನು ಬರೀ ಕಾಗದದ ಚೀಟಿಯಲ್ಲಿ ಮಾಡಿ ತೋರಿಸಿತು. ನಗರ ಕೇಂದ್ರದ ಆರೇಳು ಚದರ ಕಿ.ಮೀ. ಜಾಗಕ್ಕೆ ಗಡಿ ಹಾಕಿದರು. ಬೆಳಗ್ಗೆ 7.30ರಿಂದ 9.30ರವರೆಗೆ ಒಳಗೆ ಬರುವ ಕಾರಿನ ಗಾಜಿಗೆ 3 ಡಾಲರಿನ ಚೀಟಿ ಅಂಟಿಸಿರಬೇಕು. ತಿಂಗಳ ಪಾಸಿಗೆ 60 ಡಾಲರ್. ಪ್ರವೇಶದ ದಾರಿಗಳಲ್ಲಿ ಕಾವಲಿನವರು ನಿಂತು, ಚೀಟಿಯಿಲ್ಲದ ಕಾರಿನ ನಂಬರ್ ಬರೆದುಕೊಳ್ಳುತ್ತಿದ್ದರು. ಯಾರನ್ನೂ ನಿಲ್ಲಿಸುತ್ತಿರಲಿಲ್ಲ, ನೋಟಿಸು ಮನೆಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಒಳಬರುವ ವಾಹನಗಳು ಶೇ. 44ರಷ್ಟು ಇಳಿದವು.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಜನ 9.30 ಆಗುವುದನ್ನೇ ಕಾಯ್ದು ಒಟ್ಟಿಗೆ ನುಗ್ಗಿದರು. ಸರ್ಕಾರ ಎರಡು ತಿಂಗಳಲ್ಲೇ ಅವಧಿಯನ್ನು 10.15ಕ್ಕೆ ವಿಸ್ತರಿಸಿತು. ನಾಲ್ವರಿದ್ದ ಕಾರಿಗೆ ವಿನಾಯಿತಿ ಇತ್ತು, ಹಾಗಾಗಿ ಬಸ್ ನಿಲ್ದಾಣದಲ್ಲಿ ನಿಂತವರನ್ನು ಕರೆದು ಹತ್ತಿಸಿಕೊಂಡು ತಲೆ ಲೆಕ್ಕ ಸರಿಮಾಡುವುದು ಶುರುವಾಯಿತು. ಗಡಿಯಲ್ಲಿ ಕಾರು ಬಿಟ್ಟು ಬಸ್ಸು ಹತ್ತಿ ಎಂದು ಕಟ್ಟಿದ ದೊಡ್ಡ ಪಾರ್ಕಿಂಗ್ ಜಾಗಗಳು ಬಹುಪಾಲು ಖಾಲಿ ಬಿದ್ದವು. ಬೆಳಗ್ಗೆಗೆ ಮಾತ್ರ ಶುಲ್ಕವಿದ್ದುದರಿಂದ ಸಂಜೆಯ ದಟ್ಟಣೆ ಹಾಗೇ ಉಳಿಯಿತು. 1989ರಲ್ಲಿ ಸಂಜೆಗೂ ಶುಲ್ಕ ತಂದರು, ನಾಲ್ವರ ವಿನಾಯಿತಿ ತೆಗೆದರು. 1998ರಲ್ಲಿ ಕಾಗದ ಹೋಗಿ ಎಲೆಕ್ಟ್ರಾನಿಕ್ ಕಮಾನು ಬಂತು: ಕಾರಿನೊಳಗಿನ ಪುಟ್ಟ ಯಂತ್ರದಲ್ಲಿ ಕಾರ್ಡು ಸಿಕ್ಕಿಸಿಟ್ಟರೆ, ಕಮಾನಿನಡಿ ಹಾಯುವಾಗ ಒಂದು ‘ಬೀಪ್’, ಹಣ ಕಡಿತ. ದರವನ್ನು ಆಗಾಗ ಪರಿಶೀಲಿಸುತ್ತಾರೆ. ಅಳತೆಗೋಲು ವೇಗ: ಒಳರಸ್ತೆಯಲ್ಲಿ ಗಂಟೆಗೆ 20–30 ಕಿ.ಮೀ., ಎಕ್ಸ್‌ಪ್ರೆಸ್ ರಸ್ತೆಯಲ್ಲಿ 45–65 ಕಿ.ಮೀ. ವೇಗ ಇದಕ್ಕಿಂತ ಇಳಿದರೆ ದರ ಏರುತ್ತದೆ, ರಸ್ತೆ ಖಾಲಿಯಾದರೆ ದರ ಇಳಿಯುತ್ತದೆ.

ಇದರ ಮೇಲೆ, 1990ರಿಂದ ಸಿಂಗಪುರದಲ್ಲಿ ಕಾರು ಕೊಳ್ಳುವ ಹಕ್ಕಿಗೇ ಹರಾಜು ನಡೆಯುತ್ತದೆ. ಹರಾಜಿನಲ್ಲಿ ಗೆದ್ದ ಪ್ರಮಾಣಪತ್ರ ನಡೆಯುವುದು ಹತ್ತು ವರ್ಷ ಮಾತ್ರ. 2023ರಲ್ಲಿ ಅದರ ಬೆಲೆ ಒಂದು ಲಕ್ಷ ಸಿಂಗಪುರ ಡಾಲರ್ ದಾಟಿತ್ತು, ಕಾರಿನ ಬೆಲೆ ಬೇರೆ! ಪುಟ್ಟ ದ್ವೀಪ, ಗಟ್ಟಿ ಸರ್ಕಾರ, ಮೂಲೆಮೂಲೆಗೂ ರೈಲು ಇರುವ ಕಡೆ ಇದು ನಡೆಯುತ್ತದೆ. ಎಲ್ಲ ಊರಿಗೂ ಈ ಅಂಗಿ ಹೊಂದುವುದಿಲ್ಲ.

ಲಂಡನ್ ಗೆದ್ದದ್ದು, ಸೋತದ್ದು

ಲಂಡನ್ನಿನ ಮೇಯರ್ ಆಗಿದ್ದ ಕೆನ್ ಲಿವಿಂಗ್‌ಸ್ಟನ್ 2003ರ ಫೆಬ್ರವರಿ 17ರಂದು ನಗರ ಕೇಂದ್ರದ ಸುಮಾರು 21 ಚದರ ಕಿ.ಮೀ. ಪ್ರದೇಶಕ್ಕೆ ದಿನಕ್ಕೆ 5 ಪೌಂಡ್ ಶುಲ್ಕ ಹಾಕಿದರು. ಗೇಟಿಲ್ಲ, ಟೋಲ್ ಬೂತಿಲ್ಲ. ರಸ್ತೆಯ ಮೇಲೆ ಕೆಂಪು ವೃತ್ತದಲ್ಲಿ ಬಿಳಿ ‘ಸಿ’ ಅಕ್ಷರ, ಕಂಬದ ಮೇಲೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾ. ಶಾಲೆಗೆ ರಜೆ ಇರುವ ವಾರವನ್ನೇ ಆರಿಸಿ ಶುರುಮಾಡಿದ್ದು ಜಾಣತನ. ಅದಕ್ಕಿಂತ ದೊಡ್ಡ ಜಾಣತನ, ಅದೇ ಹೊತ್ತಿಗೆ ಸುಮಾರು 300 ಹೆಚ್ಚುವರಿ ಬಸ್ಸುಗಳನ್ನು ರಸ್ತೆಗಿಳಿಸಿದ್ದು. ಬಂದ ಆದಾಯವನ್ನು ಸಾರಿಗೆಗೇ ಖರ್ಚು ಮಾಡಬೇಕು ಎಂದು ಕಾನೂನೇ ಹೇಳಿತ್ತು. ಮೊದಲ ವರ್ಷದಲ್ಲಿ ಒಳಬರುವ ವಾಹನ ಶೇ. 18ರಷ್ಟು, ದಟ್ಟಣೆಯಿಂದ ಆಗುವ ವಿಳಂಬ ಶೇ. 30ರಷ್ಟು ಇಳಿದವು.

ವಾಹನ ಇಳಿದದ್ದಕ್ಕಿಂತ ವಿಳಂಬ ಹೆಚ್ಚು ಇಳಿಯಿತು ಎಂಬುದನ್ನು ಗಮನಿಸಿ. ರಸ್ತೆ ತುಂಬಿದ ಮೇಲೆ ಕೊನೆಯಲ್ಲಿ ಸೇರುವ ಕೆಲವು ವಾಹನಗಳೇ ಎಲ್ಲರನ್ನೂ ನಿಲ್ಲಿಸುವುದು. ನಮ್ಮಲ್ಲಿ ಶಾಲೆಗಳಿಗೆ ದಸರಾ ರಜೆ ಬಿದ್ದಾಗ ರಸ್ತೆ ಹಗುರಾಗುತ್ತದಲ್ಲ, ಆಗ ಎಲ್ಲರೇನೂ ಊರು ಬಿಟ್ಟಿರುವುದಿಲ್ಲ. ಹತ್ತರಲ್ಲಿ ಒಂದೆರಡು ವಾಹನ ಕಡಿಮೆಯಾಗಿರುತ್ತವೆ, ಅಷ್ಟೇ ಸಾಕು.

ಆದರೆ ಕೆಲವು ವರ್ಷಗಳಲ್ಲಿ ಲಂಡನ್ನಿನ ರಸ್ತೆಗಳು ಮತ್ತೆ ನಿಧಾನವಾದವು. ನೀರಿನ ಪೈಪು, ಗ್ಯಾಸ್ ಪೈಪಿಗೆಂದು ರಸ್ತೆ ಅಗೆತ ನಡೆಯಿತು. ಸೈಕಲ್, ಬಸ್ಸು, ಪಾದಚಾರಿಗಳಿಗೆ ಹೆಚ್ಚು ಜಾಗ ಕೊಟ್ಟರು. ಶುಲ್ಕದ ವಿನಾಯಿತಿಯಿದ್ದ ಬಾಡಿಗೆ ಕಾರುಗಳು ಆ್ಯಪ್ ಬಂದ ಮೇಲೆ ವಿಪರೀತ ಬೆಳೆದವು. 2019ರಲ್ಲಿ ಅವಕ್ಕೂ ಶುಲ್ಕ ಬಿತ್ತು. ಇದರ ಜೊತೆಗೆ ಅಲ್ಲಿನ ಶುಲ್ಕ ದಿನಕ್ಕೊಮ್ಮೆ ಕಟ್ಟುವಂಥದ್ದು. ಕಟ್ಟಿದ ಮೇಲೆ ದಿನವಿಡೀ ಸುತ್ತಿದರೂ ಅಷ್ಟೇ. ಹೊತ್ತು ನೋಡಿ ದರ ಬದಲಿಸುವ ಸಿಂಗಪುರದ ಪದ್ಧತಿ ಈ ವಿಷಯದಲ್ಲಿ ಮೇಲು. ಲಂಡನ್ ದರ ಏರಿಸುತ್ತಲೇ ಬಂತು. 2026ರ ಜನವರಿಯಿಂದ ಅದು 18 ಪೌಂಡ್.

ಸ್ಟಾಕ್‌ಹೋಮ್: ಮೊದಲು ಅನುಭವ, ಆಮೇಲೆ ಮತ

ಶುಲ್ಕಕ್ಕೆ ಜನರ ಒಪ್ಪಿಗೆ ಸಿಗುವುದು ಹೇಗೆ ಎಂಬುದಕ್ಕೆ ಸ್ವೀಡನ್ನಿನ ರಾಜಧಾನಿಯೇ ಒಳ್ಳೆಯ ಪಾಠ. ಅಲ್ಲಿ ಮೊದಲು, 2005ರ ಆಗಸ್ಟಿನಲ್ಲಿ, ಹೊಸ ಬಸ್ ಮಾರ್ಗಗಳನ್ನೂ ಇನ್ನೂರರ ಹತ್ತಿರ ಬಸ್ಸುಗಳನ್ನೂ ತಂದರು. ಅದಾಗಿ ನಾಲ್ಕೈದು ತಿಂಗಳ ಮೇಲೆ, 2006ರ ಜನವರಿ 3ರಿಂದ ಜುಲೈ 31ರವರೆಗೆ ಪ್ರಯೋಗವಾಗಿ ಶುಲ್ಕ ವಿಧಿಸಿದರು. ನಗರದೊಳಗೆ ಬರುವ 18 ಜಾಗಗಳಲ್ಲಿ ಕ್ಯಾಮೆರಾ. ಹೊತ್ತಿಗೆ ತಕ್ಕಂತೆ 10, 15 ಅಥವಾ 20 ಕ್ರೋನಾ. ದಿನಕ್ಕೆ 60 ಮೀರುವಂತಿಲ್ಲ. ರಾತ್ರಿಗೂ ಶನಿವಾರ, ಭಾನುವಾರಕ್ಕೂ ಶುಲ್ಕವಿಲ್ಲ. ಪ್ರಯೋಗಕ್ಕೆ ಮೊದಲು ಬಹುಮತ ವಿರೋಧವಾಗಿತ್ತು, ಪತ್ರಿಕೆಗಳು ಅನಾಹುತದ ಭವಿಷ್ಯ ನುಡಿದಿದ್ದವು.

ವಾಹನ ಸಂಚಾರ ಐದನೇ ಒಂದು ಭಾಗ ಇಳಿಯಿತು. ಜುಲೈ ಕೊನೆಗೆ ಶುಲ್ಕ ನಿಲ್ಲಿಸಿದರು, ಟ್ರಾಫಿಕ್ ಮತ್ತೆ ಏರಿತು. ಎರಡನ್ನೂ ಕಣ್ಣಾರೆ ಕಂಡ ಮೇಲೆ ಸೆಪ್ಟೆಂಬರಿನಲ್ಲಿ ಜನಮತಗಣನೆ ನಡೆಯಿತು. ನಗರದ ಮತದಾರರು ಶೇ. 53ರ ಆಸುಪಾಸಿನ ಬಹುಮತದಿಂದ ಶುಲ್ಕ ಬೇಕೆಂದರು. 2007ರ ಆಗಸ್ಟ್ 1ರಿಂದ ಅದು ಕಾಯಂ ಆಯಿತು. ವರ್ಷಗಳು ಕಳೆದಂತೆ ಬೆಂಬಲ ಇನ್ನೂ ಹೆಚ್ಚಿತು. ನಗರದ ಹೊರಗಿನ ಹಲವು ಪುರಸಭೆಗಳ ಜನ ಮಾತ್ರ ತಮ್ಮಲ್ಲಿ ನಡೆದ ಮತದಾನದಲ್ಲಿ ಬೇಡವೆಂದಿದ್ದರು. ದಿನಾ ಹೊರಗಿನಿಂದ ಬರುವವನಿಗೆ ಹೊರೆ ಹೆಚ್ಚು ಎಂಬುದು ಸುಳ್ಳಲ್ಲ. ಆನೇಕಲ್ಲಿನಿಂದಲೋ ನೆಲಮಂಗಲದಿಂದಲೋ ಬೆಂಗಳೂರಿಗೆ ಕೆಲಸಕ್ಕೆ ಬರುವವರ ದನಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಇದಕ್ಕೇ.

ಸ್ಟಾಕ್‌ಹೋಮಿನ ಮಕ್ಕಳ ಆರೋಗ್ಯದ ಬಗ್ಗೆ ಆಮೇಲೆ ನಡೆದ ಒಂದು ಅಧ್ಯಯನದಲ್ಲಿ, ಚಿಕ್ಕ ಮಕ್ಕಳಿಗೆ ಉಬ್ಬಸ ಕೆರಳಿ ಆಸ್ಪತ್ರೆಗೆ ಕರೆತರುವ ಪ್ರಕರಣಗಳು ಶುಲ್ಕ ಬಂದ ಮೇಲೆ ಸುಮಾರು ಅರ್ಧದಷ್ಟು ಇಳಿದದ್ದು ಕಂಡುಬಂತು. ಇಳಿಕೆ ಒಂದೇ ದಿನದಲ್ಲಿ ಆದದ್ದಲ್ಲ, ಗಾಳಿ ಸುಧಾರಿಸಿದಂತೆ ನಿಧಾನವಾಗಿ ಆದದ್ದು.

ಹೊಗೆಯ ಲೆಕ್ಕವೇ ಬೇರೆ

ಇಟಲಿಯ ಮಿಲಾನ್ ನಗರ 2008ರಲ್ಲಿ ‘ಇಕೊಪಾಸ್’ ಎಂಬ ಶುಲ್ಕ ತಂದಿತು. ಉದ್ದೇಶ ಹೊಗೆ ತಗ್ಗಿಸುವುದು. ಹಳೆಯ, ಹೊಗೆಯುಗುಳುವ ವಾಹನಕ್ಕೆ ಶುಲ್ಕ, ಹೊಸ ಶುದ್ಧ ವಾಹನಕ್ಕೆ ಬಿಟ್ಟಿ. ಜನ ಹಳೆಯ ಕಾರು ಮಾರಿ ಹೊಸತು ಕೊಂಡರು. ಶುಲ್ಕ ಕಟ್ಟಬೇಕಾದವರು ಕರಗುತ್ತ ಬಂದರು, ರಸ್ತೆ ಮತ್ತೆ ತುಂಬಿತು. 2011ರ ಜನಮತಗಣನೆಯಲ್ಲಿ ಶೇ. 79ರಷ್ಟು ಜನ ಶುಲ್ಕವನ್ನು ವಿಸ್ತರಿಸಿ ಎಂದರು. 2012ರ ಜನವರಿಯಿಂದ ‘ಏರಿಯಾ ಸಿ’ ಎಂಬ ಹೆಸರಿನಲ್ಲಿ ಬಹುತೇಕ ಎಲ್ಲ ಕಾರಿಗೂ 5 ಯೂರೊ ಬಿತ್ತು, ವಾಹನಗಳು ಸುಮಾರು ಶೇ. 30ರಷ್ಟು ಇಳಿದವು. ಕಾರು ಎಷ್ಟು ಶುದ್ಧವಾದರೂ ರಸ್ತೆಯಲ್ಲಿ ಹಿಡಿಯುವ ಜಾಗ ಅಷ್ಟೇ ಎಂಬುದನ್ನು ಮಿಲಾನ್ ನಾಲ್ಕು ವರ್ಷದಲ್ಲಿ ಕಲಿಯಿತು. ಎಲೆಕ್ಟ್ರಿಕ್ ಕಾರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇದೇ ಉತ್ತರ. ಲಂಡನ್ ಕೂಡ ಎಲೆಕ್ಟ್ರಿಕ್ ಕಾರಿಗಿದ್ದ ಪೂರ್ಣ ವಿನಾಯಿತಿಯನ್ನು 2025ರ ಕೊನೆಗೆ ತೆಗೆದುಹಾಕಿತು.

ಹೊಗೆಗೆಂದೇ ಲಂಡನ್ನಿನಲ್ಲಿ ಇನ್ನೊಂದು ವ್ಯವಸ್ಥೆ ಇದೆ. ನಿಗದಿತ ಮಟ್ಟಕ್ಕಿಂತ ಹೆಚ್ಚು ಹೊಗೆ ಬಿಡುವ ಹಳೆಯ ವಾಹನಗಳಿಗೆ ದಿನಕ್ಕೆ 12.50 ಪೌಂಡ್. 2019ರಲ್ಲಿ ಇದು ನಗರ ಕೇಂದ್ರಕ್ಕೆ ಮಾತ್ರವಿತ್ತು, 2021ರಲ್ಲಿ ಉತ್ತರ ಮತ್ತು ದಕ್ಷಿಣ ವರ್ತುಲ ರಸ್ತೆಗಳವರೆಗೆ ಬಂತು, 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ವಿಸ್ತರಿಸಿತು. ಇದರ ಹಿಂದೆ ಒಂದು ದಾರುಣ ಸಂಗತಿಯ ನೆರಳಿದೆ. ನಗರದ ಆಗ್ನೇಯ ಭಾಗದಲ್ಲಿ ಅಂಥದ್ದೊಂದು ವರ್ತುಲ ರಸ್ತೆಯ ಬಳಿ ವಾಸವಿದ್ದ ಒಂಬತ್ತು ವರ್ಷದ ಹುಡುಗಿ 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ಬ್ರಿಟನ್ನಿನಲ್ಲಿ ಅಂಥ ತೀರ್ಪು ಅದೇ ಮೊದಲು.

ವಿಸ್ತರಣೆಗೆ ವಿರೋಧ ಜೋರಾಗಿಯೇ ಇತ್ತು. ಕ್ಯಾಮೆರಾ ಕಂಬಗಳನ್ನು ರಾತ್ರೋರಾತ್ರಿ ಕತ್ತರಿಸಿದರು. ಹಳೆಯ ವಾಹನ ಇಟ್ಟುಕೊಂಡಿರುವವರು ಬಡವರೇ, ಅವರಿಗೇ ಬರೆಯೇ ಎಂಬ ಪ್ರಶ್ನೆಗೆ ಮೇಯರ್ ಸಾದಿಕ್ ಖಾನ್ ಹಳೆಯ ಕಾರು ಗುಜರಿಗೆ ಹಾಕಿದವರಿಗೆ 2,000 ಪೌಂಡ್‌ವರೆಗೆ ಸಹಾಯಧನ ಕೊಡಬೇಕಾಯಿತು. ಈಗ ಅಲ್ಲಿ ಓಡುವ ವಾಹನಗಳಲ್ಲಿ ಶೇ. 95ಕ್ಕೂ ಹೆಚ್ಚು ನಿಯಮಕ್ಕೆ ತಕ್ಕಂತಿವೆ. ಶುಲ್ಕ ಕಟ್ಟುವವರೇ ಇಲ್ಲದಂತಾದರೆ ಈ ಯೋಜನೆ ಗೆದ್ದಂತೆ.

ನಮ್ಮ ದೇಶದಲ್ಲೇ ದೆಹಲಿಯ ಉದಾಹರಣೆ ಇದೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ನೀಡಿದ ಆದೇಶದಂತೆ ಅಲ್ಲಿನ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾದವು. ಕೆಲಸ ಮುಗಿಯುವಷ್ಟರಲ್ಲಿ 2002 ಬಂದಿತ್ತು. ಬಸ್ಸು, ಆಟೊಗಳ ಕಪ್ಪು ಹೊಗೆ ಹೋಯಿತು. ಆದರೆ ಖಾಸಗಿ ವಾಹನಗಳು, ಅದರಲ್ಲೂ ಡೀಸೆಲ್ ಕಾರುಗಳು ಏರುತ್ತಲೇ ಹೋಗಿ ಬಂದ ಲಾಭವನ್ನು ತಿಂದುಹಾಕಿದವು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು, ಇಂಧನದಲ್ಲಿ ಗಂಧಕದ ಪ್ರಮಾಣ 50ರಿಂದ 10 ಪಿಪಿಎಂಗೆ ಇಳಿಯಿತು. ಇದು ಹೊಗೆಗೆ ನಿಜವಾದ ಕಡಿವಾಣ, ಟ್ರಾಫಿಕ್ಕಿಗೆ ಇದರಿಂದ ಏನೂ ಆಗಲಿಲ್ಲ.

ಸಮ-ಬೆಸ ಏಕೆ ನೆಲೆ ನಿಲ್ಲಲಿಲ್ಲ?

2016ರ ಜನವರಿಯಲ್ಲಿ ದೆಹಲಿ ಸರ್ಕಾರ ಸಮ ಸಂಖ್ಯೆಯ ಕಾರು ಒಂದು ದಿನ, ಬೆಸ ಸಂಖ್ಯೆಯದು ಇನ್ನೊಂದು ದಿನ ಎಂದು ಹದಿನೈದು ದಿನ ನಡೆಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ಮತ್ತೆ 2019ರ ನವೆಂಬರಿನಲ್ಲಿ ಅದು ಮರಳಿ ಬಂತು. ದ್ವಿಚಕ್ರ ವಾಹನಗಳಿಗೆ, ಮಹಿಳೆಯರು ಓಡಿಸುವ ಕಾರಿಗೆ ವಿನಾಯಿತಿ. ನಾಲ್ಕು ದಿನದ ತುರ್ತಿಗೆ ಇದು ಸರಿ. ಕಾಯಂ ಮಾಡಿದರೆ ಏನಾಗುತ್ತದೆಂದು ಮೆಕ್ಸಿಕೊ ಸಿಟಿ ತೋರಿಸಿದೆ. ಅಲ್ಲಿ 1989ರ ನವೆಂಬರಿನಲ್ಲಿ ಪ್ರತಿ ಕಾರಿಗೂ ವಾರಕ್ಕೊಂದು ದಿನ ನಿಷೇಧ ಹಾಕಿದರು. ಜನ ಬೇರೆ ನಂಬರಿನ ಎರಡನೇ ಕಾರು ಕೊಂಡರು, ಅದೂ ಅಗ್ಗದ ಹಳೆಯ ಕಾರು. ಲೂಕಸ್ ಡೇವಿಸ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಳಿ ಸುಧಾರಿಸಿದ ಕುರುಹೇ ಸಿಗಲಿಲ್ಲ. ಅನುಕೂಲಸ್ಥರು ನಿಷೇಧದ ಪಕ್ಕದಲ್ಲೇ ದಾರಿ ಹುಡುಕಿಕೊಳ್ಳುತ್ತಾರೆ.

ಹಾಗಾದರೆ ನಮ್ಮೂರಿಗೆ?

ಲಂಡನ್ ಶುಲ್ಕ ತಂದಾಗ ಅಲ್ಲಿ 1863ರಿಂದ ಓಡುತ್ತಿದ್ದ, ಇನ್ನೂರೈವತ್ತಕ್ಕೂ ಹೆಚ್ಚು ನಿಲ್ದಾಣಗಳ ಸುರಂಗ ರೈಲಿತ್ತು. ನಮ್ಮ ಮೆಟ್ರೊ ಶುರುವಾದದ್ದು 2011ರಲ್ಲಿ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಸೇರಿದ ಮೇಲೆ ಅದರ ಉದ್ದ ಸುಮಾರು 96 ಕಿ.ಮೀ. ಅತ್ಯಂತ ದಟ್ಟಣೆಯ ಹೊರ ವರ್ತುಲ ರಸ್ತೆಯಲ್ಲಿ ಮೆಟ್ರೊ ಇನ್ನೂ ಕಾಮಗಾರಿಯ ಹಂತದಲ್ಲಿದೆ. ಒಂದು ಕೋಟಿ ಮೀರಿದ ಜನಕ್ಕೆ ಬಿಎಂಟಿಸಿ ಬಸ್ಸು ಏಳು ಸಾವಿರದ ಆಸುಪಾಸು. ಹೀಗಿರುವಾಗ ಆ ರಸ್ತೆಯಲ್ಲಿ ಶುಲ್ಕ ಹಾಕಿದರೆ ಜನ ಬೈದುಕೊಂಡು ದುಡ್ಡು ಕಟ್ಟುತ್ತಾರೆ, ಕಾರು ಬಿಡುವುದಿಲ್ಲ. ಇದರ ನಡುವೆ 2025ರ ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ರೈಲು ಹತ್ತುವವನಿಗೆ ದರ ಏರಿಸಿ, ಕಾರಿನವನಿಗೆ ರಸ್ತೆ ಬದಿಯನ್ನು ಪಾರ್ಕಿಂಗಿಗೆ ಪುಕ್ಕಟೆ ಬಿಟ್ಟುಕೊಡುವುದು ತಲೆಕೆಳಗಾದ ನೀತಿ.

ನನ್ನ ಲೆಕ್ಕದಲ್ಲಿ ಮೊದಲು ಆಗಬೇಕಾದ್ದು ಬಸ್ಸಿಗೆ ದಾರಿ ಬಿಡುವುದು. ಮೂರು ಕಾರು ಹಿಡಿಸುವ ಜಾಗದಲ್ಲಿ ಒಂದು ಬಸ್ಸು ಐವತ್ತು ಅರವತ್ತು ಜನರನ್ನು ಒಯ್ಯುತ್ತದೆ. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಗೂಟ ನೆಟ್ಟು ಬಸ್ಸಿಗೆ ಬೇರೆ ಪಥ ಮಾಡಿದ್ದರು. ಪಕ್ಕದಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದಾಗ ಬಸ್ಸು ಹಾಯಾಗಿ ದಾಟಿ ಹೋಗುತ್ತಿತ್ತು. ಗೂಟದ ಸಂದಿಯಲ್ಲಿ ಬೈಕುಗಳು ನುಸುಳಿದವು, ಮೆಟ್ರೊ ಕಾಮಗಾರಿ ಬಂತು, ಪಥ ಉಳಿಯಲಿಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ 2018ರಿಂದ ‘ಚಿಗರಿ’ ಬಸ್ಸುಗಳು ಸುಮಾರು 22 ಕಿ.ಮೀ. ಮೀಸಲು ಪಥದಲ್ಲಿ ಓಡುತ್ತಿವೆ. ಉಳಿದ ವಾಹನಗಳಿಗೆ ರಸ್ತೆ ಕಿರಿದಾಯಿತು, ದಾಟುವುದು ಕಷ್ಟ ಎಂಬ ದೂರು ಅಲ್ಲಿ ಇದೆ, ಅದನ್ನು ಸರಿಪಡಿಸಬೇಕಾದ್ದೂ ಹೌದು. ಆದರೆ ಎರಡೂ ಊರಿನ ನಡುವೆ ದಿನಾ ಓಡಾಡುವ ವಿದ್ಯಾರ್ಥಿಗಳನ್ನು ಕೇಳಿದರೆ ಮೀಸಲು ಪಥದ ಬೆಲೆ ತಿಳಿಯುತ್ತದೆ.

ಎರಡನೆಯದು ಪಾರ್ಕಿಂಗ್. ಜಪಾನಿನಲ್ಲಿ 1962ರಿಂದ ಒಂದು ಕಾನೂನಿದೆ: ಕಾರು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತಂದರೇ ಕಾರು ನೋಂದಣಿ. ಟೋಕಿಯೊದ ಗಲ್ಲಿಗಳು ಅಷ್ಟು ಕಿರಿದಾಗಿದ್ದರೂ ಸರಾಗವಾಗಿರುವುದಕ್ಕೆ ಇದೊಂದು ಕಾರಣ. ನಮ್ಮ ಬಡಾವಣೆಗಳ 30 ಅಡಿ ರಸ್ತೆಯಲ್ಲಿ ಎರಡೂ ಬದಿ ಕಾರು ನಿಂತರೆ ಉಳಿಯುವುದು ಒಂದು ಆಟೊ ಹೋಗುವಷ್ಟು ದಾರಿ. ರಸ್ತೆ ಬದಿಯ ಜಾಗಕ್ಕೆ ಗಂಟೆ ಲೆಕ್ಕದಲ್ಲಿ ದರ ವಿಧಿಸುವುದು ದಟ್ಟಣೆ ಶುಲ್ಕಕ್ಕಿಂತ ಸುಲಭ, ಕ್ಯಾಮೆರಾ ಕಮಾನು ಬೇಕಿಲ್ಲ.

ಈ ಎರಡೂ ಆದ ಮೇಲೆ ಶುಲ್ಕದ ಮಾತು. ಆಗಲೂ ಒಂದು ತೊಡಕು ಉಳಿಯುತ್ತದೆ. ಬೆಂಗಳೂರಿನ ವಾಹನಗಳಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಲಂಡನ್, ಸ್ಟಾಕ್‌ಹೋಮಿನಲ್ಲಿ ಬೈಕಿಗೆ ದಟ್ಟಣೆ ಶುಲ್ಕವಿಲ್ಲ, ಸಿಂಗಪುರದಲ್ಲಿ ಇದೆ. ಇಲ್ಲಿ ಬೈಕಿಗೆ ಶುಲ್ಕ ಹಾಕಿದರೆ ಊಟ ತಲುಪಿಸುವ ಹುಡುಗನಿಗೂ ಅಂಗಡಿಯ ಗುಮಾಸ್ತನಿಗೂ ಏಟು ಬೀಳುತ್ತದೆ. ಬಿಟ್ಟರೆ ಕಾರಿನವರೆಲ್ಲ ಸ್ಕೂಟರಿಗೆ ಬರುತ್ತಾರೆ. ನನ್ನ ಮಟ್ಟಿಗೆ, ಆರಂಭದಲ್ಲಿ ದ್ವಿಚಕ್ರವನ್ನು ಬಿಟ್ಟು, ಒಂದೇ ರಸ್ತೆಯಲ್ಲಿ, ಬೆಳಗ್ಗೆ-ಸಂಜೆಯ ಹೊತ್ತಿಗೆ ಮಾತ್ರ, ಸ್ಟಾಕ್‌ಹೋಮಿನಂತೆ ಆರೇಳು ತಿಂಗಳ ಪ್ರಯೋಗವಾಗಿ ಮಾಡಿ ನೋಡುವುದು ಸರಿ. ಬಂದ ಹಣ ಬೇರೆ ಖಾತೆಗೆ ಹೋಗಬೇಕು, ಅದರಲ್ಲಿ ಎಷ್ಟು ಬಸ್ಸು ಬಂತೆಂಬ ಲೆಕ್ಕ ಜನರ ಮುಂದಿಡಬೇಕು. ಹಾಗೆ ಬರೆದುಕೊಡದ ಶುಲ್ಕ ನೀವು ಹೇಳುವಂತೆ ಮತ್ತೊಂದು ತೆರಿಗೆಯೇ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಇಂಥ ಪ್ರಸ್ತಾಪ ಮುಂದೆ ಬಂದಾಗ ಬೇಕು, ಬೇಡ ಎಂದು ಪಕ್ಷ ಹಿಡಿಯುವ ಮೊದಲು ಎರಡು ಪ್ರಶ್ನೆ ಬರೆದು ಕಳಿಸಿ: ಶುಲ್ಕ ಶುರುವಾಗುವ ದಿನಕ್ಕೆ ಮೊದಲೇ ಈ ರಸ್ತೆಗೆ ಎಷ್ಟು ಹೊಸ ಬಸ್ಸು ಬರುತ್ತವೆ? ವಸೂಲಾದ ಹಣ ಯಾವ ಖಾತೆಗೆ ಹೋಗುತ್ತದೆ? ಎರಡಕ್ಕೂ ಅಂಕಿಯಲ್ಲಿ ಉತ್ತರ ಸಿಕ್ಕರೆ ಶುಲ್ಕವನ್ನು ಒಪ್ಪಿ, ಸಿಗದಿದ್ದರೆ ಧಾರಾಳವಾಗಿ ವಿರೋಧಿಸಿ.